ಮೋಹಿನಿಯಕ್ಕನ ಕೆಸರುಕಲ್ಲು

“ಅಮ್ಮಾ, ಮೋಹಿನಿ ಅಜ್ಜಿ ಯಾರಿಗೆ ಹೆದರುದು?”

ತೃಷಾ ಅಡುಗೆಮನೆಯ ಕಿಟಕಿಯ ಸರಳು ಹಿಡಿದು ಸ್ಟೂಲಿನ ಮೇಲೆ ನಿಂತಿದ್ದಳು. ನಾನು ಕಾವಲಿಯಿಂದ ದೋಸೆ ಎಬ್ಬಿಸುತ್ತಾ, “ಅವರು ಯಾರಿಗೂ ಹೆದರುವುದಿಲ್ಲ ಮಗಾ” ಎಂದೆ.

“ಮತ್ತೆ ಯಾಕೆ ಕಲ್ಲಿಗೆ ಬುಟ್ಟಿ ಮುಚ್ಚಿ ಅದರ ಮೇಲೆ ಕೂತಿದ್ದಾರೆ? ಜೀಪಿನ ಶಬ್ದ ಕೇಳಿ ಓಡಿ ಬಂದು ಕೂತದ್ದು. ನಾನು ನೋಡಿದ್ದೇನೆ.”

ಒಲೆ ಸಣ್ಣ ಮಾಡಿ ನಾನೂ ಇಣುಕಿದೆ. ನಮ್ಮ ಕಂಪೌಂಡು ಗೋಡೆಯ ಆಚೆ, ಗೋಡೆಗೆ ತಾಗಿದ ಹಾಗೆಯೇ, ಮೀನಿನ ಬುಟ್ಟಿ ಕವುಚಿ ಹಾಕಿ ಮೋಹಿನಿಯಕ್ಕ ಅದರ ಮೇಲೆ ಕೂತಿದ್ದರು. ಮಡಿಲಲ್ಲಿ ಒಣ ಸಿಗಡಿಯ ಮೊರ. ಸಿಗಡಿಯ ತಲೆ ಚಿವುಟುವವರ ಹಾಗೆ ಕೈ ಆಡುತ್ತಿತ್ತು. ಆದರೆ ಚಿವುಟಿದ್ದು, ಚಿವುಟದ್ದು ಎಲ್ಲ ಒಟ್ಟಿಗೇ ಬೀಳುತ್ತಿತ್ತು, ಕಣ್ಣು ರಸ್ತೆಯಲ್ಲಿತ್ತು. ಜೀಪು ತಿರುವಿನಲ್ಲಿ ನಿಧಾನವಾಯಿತು, ಹಾರ್ನ್ ಹಾಕಿತು, ಹೋಯಿತು. ಕರೆಂಟಿನವರ ಜೀಪು. ಮೋಹಿನಿಯಕ್ಕ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. ಏಳಲಿಲ್ಲ.

ತೃಷಾಳಿಗೆ ಆವತ್ತು ಉತ್ತರ ಕೊಡಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ದೊಡ್ಡವಳಾದ ಮೇಲೆ ಓದಲಿ.

ಮೋಹಿನಿಯಕ್ಕ ಹೆಜಮಾಡಿಯವರು. ಹತ್ತೊಂಬತ್ತು ವರ್ಷಕ್ಕೆ ಮದುವೆಯಾಗಿ ಕಾಪುವಿಗೆ ಬಂದವರು. ಗಂಡ ಬೂಬಣ್ಣ ಮಲ್ಪೆಯ ಬೋಟಿನಲ್ಲಿ ತಂಡೇಲ. ಬೋಟು ನಡೆಸುವುದು ಅವರೇ, ಎಂಟು ಜನರ ಜೀವ ಅವರ ಕೈಯಲ್ಲಿ. ಅವರು ಕಡಲಿನಲ್ಲಿ, ಇವರು ರಸ್ತೆಯಲ್ಲಿ. ಮೂವತ್ತು ವರ್ಷ ಬೆಳಗಿನ ಬಸ್ಸಿಗೆ ಬುಟ್ಟಿ ಏರಿಸಿಕೊಂಡು ಇನ್ನಂಜೆಗೆ ಹೋಗಿ ಮನೆಮನೆಗೆ ಮೀನು ಮಾರಿದ್ದಾರೆ. ಒಮ್ಮೆ ಹೊಸ ಕಂಡಕ್ಟರೊಬ್ಬ “ಮೀನಿನ ನೀರು ಸೋರ್ತದೆ, ಇಳಿಸಿ” ಎಂದನಂತೆ. “ನಿನ್ನ ಅಮ್ಮ ಅಲ್ಲಿ ನನ್ನ ಬಂಗುಡೆಗೇ ಕಾಯ್ತಾ ಇದ್ದಾಳೆ ಮಾರಾಯ. ನಾನು ಇಳಿದರೆ ನಿನಗೆ ಮಧ್ಯಾಹ್ನ ಬರೀ ಉಪ್ಪಿನಕಾಯಿ” ಎಂದರಂತೆ ಇವರು. ಮರುದಿನದಿಂದ ಬುಟ್ಟಿಗೆ ಕೈ ಕೊಟ್ಟು ಹತ್ತಿಸಿದ್ದು ಅದೇ ಕಂಡಕ್ಟರು.

ತೃಷಾ ನನ್ನ ಹೊಟ್ಟೆಯಲ್ಲಿದ್ದ ವರ್ಷ ಕಡಲು ಕೆಟ್ಟಿತ್ತು. ಬೂಬಣ್ಣನ ಬೋಟಿನ ಸುದ್ದಿ ಎರಡು ದಿನ ಇರಲಿಲ್ಲ. ನಾನು ಹೆದರಿ ಅವರ ಮನೆಗೆ ಓಡಿದರೆ ಮೋಹಿನಿಯಕ್ಕ ಅಕ್ಕಿ ತೊಳೆಯುತ್ತಿದ್ದರು. “ಅತ್ತರೆ ಬೋಟು ಬರ್ತದಾ? ಬಂದ ಮೇಲೆ ಅವರಿಗೆ ಗಂಜಿ ಬೇಡ್ವಾ?” ಎಂದು ನನ್ನನ್ನೇ ಗದರಿದರು. ಮೂರನೆಯ ದಿನ ಬೋಟು ಬಂತು. ಗಂಜಿಯೂ ಇತ್ತು.

ಅಂಥವರು ಈಗ ಕರೆಂಟಿನವರ ಜೀಪಿಗೆ ನಡುಗುತ್ತಾರೆ.

ಎರಡು ವರ್ಷದ ಹಿಂದೆ ಬೂಬಣ್ಣನಿಗೆ ಬೋಟಿನಲ್ಲೇ ಪಾರ್ಶ್ವವಾಯು ಬಡಿಯಿತು. ಮಣಿಪಾಲದಲ್ಲಿ ಇಪ್ಪತ್ತೆರಡು ದಿನ. ಜೀವ ಉಳಿಯಿತು, ಎಡಭಾಗ ಬರಲಿಲ್ಲ, ಮಾತು ಅರ್ಧ ಬಂತು. ಮಗ ಯಶ್ವಂತ್ ಈಗ ಅದೇ ಬೋಟಿನಲ್ಲಿ. ಒಮ್ಮೆ ಹೋದರೆ ಹತ್ತು ದಿನ ಇಲ್ಲ. ಅವರ ಮನೆಯ ಬಚ್ಚಲು, ಪಾಯಿಖಾನೆ ಎರಡೂ ಹಿತ್ತಲಿನಲ್ಲಿ, ಮೂರು ಮೆಟ್ಟಿಲು ಇಳಿದು ಅಂಗಳ ದಾಟಿ ಹೋಗಬೇಕು. ಕಳೆದ ಆಟಿ ತಿಂಗಳ ಮಳೆಯಲ್ಲಿ ಮೋಹಿನಿಯಕ್ಕ ಗಂಡನನ್ನು ಹೆಗಲಿಗೆ ಹಾಕಿಕೊಂಡು ಇಳಿಯುವಾಗ ಪಾಚಿಗೆ ಕಾಲು ಜಾರಿ ಇಬ್ಬರೂ ಬಿದ್ದರು. ಕೂಗು ಕೇಳಿ ನಾನೂ ನನ್ನ ಗಂಡನ ತಾಯಿ ಬೇಬಿ ಅತ್ತೆಯೂ ಓಡಿದೆವು. ಬೂಬಣ್ಣ ಅಂಗಾತ ಬಿದ್ದಿದ್ದರು, ಬಾಯಿಗೆ ಮಳೆನೀರು ಬೀಳುತ್ತಿತ್ತು, ಮುಖ ತಿರುಗಿಸಲು ಆಗುತ್ತಿರಲಿಲ್ಲ. ಮೋಹಿನಿಯಕ್ಕ ತನ್ನ ಎರಡೂ ಅಂಗೈಯನ್ನು ಅವರ ಬಾಯಿಯ ಮೇಲೆ ಮನೆಯ ಮಾಡಿನ ಹಾಗೆ ಹಿಡಿದು ಕೂತಿದ್ದರು.

ಬೂಬಣ್ಣನ ಸೊಂಟದ ಎಲುಬು ಬಿರುಕು ಬಿಟ್ಟಿತ್ತು. “ಇನ್ನೊಮ್ಮೆ ಬಿದ್ದರೆ ಏಳಲಿಕ್ಕಿಲ್ಲ” ಎಂದರು ಡಾಕ್ಟರು. ಆ ಒಂದು ವಾಕ್ಯ ಮೋಹಿನಿಯಕ್ಕನೊಳಗೆ ಹೊಕ್ಕಿತು. ಮುಂದಿನ ಮಳೆಯೊಳಗೆ ಮನೆಗೆ ತಾಗಿ ಒಂದು ಕೋಣೆ, ಅದರಲ್ಲೇ ಬಚ್ಚಲು, ಮೆಟ್ಟಿಲಿಲ್ಲದೆ ಗಾಲಿಕುರ್ಚಿ ಹೋಗುವ ಹಾಗೆ. ಅದೊಂದೇ ಜಪ.

ಅವರದ್ದು ಮೂರು ಸೆಂಟ್ಸ್ ಜಾಗ. ಹಿಂದೆ ಬಾವಿ, ಮುಂದೆ ರಸ್ತೆ, ಒಂದು ಬದಿ ಓಣಿ. ಕೋಣೆ ಕಟ್ಟಲು ಇರುವುದು ನಮ್ಮ ಕಡೆಯ ಪಟ್ಟಿ ಮಾತ್ರ. ಪಂಚಾಯತ್ ಇದ್ದಾಗ ಕೇಳುವವರು ಕಡಿಮೆ. ಪುರಸಭೆ ಆದ ಮೇಲೆ ಬದಿಯಲ್ಲಿ ಒಂದು ಮೀಟರ್ ಬಿಡಲೇಬೇಕು. ರೊಸಾರಿಯೊ ಮೇಸ್ತ್ರಿ ಟೇಪು ಹಿಡಿದು ನೋಡಿ ತಲೆ ಅಲ್ಲಾಡಿಸಿದರು. “ಮೀಟರ್ ಬಿಟ್ಟರೆ ಕೋಣೆ ಆಗ್ತದೆ ಅಕ್ಕ, ಆದರೆ ಕುರ್ಚಿ ತಿರುಗುದಿಲ್ಲ. ಒಳಗೆ ಹೋದ ಬೂಬಣ್ಣ ಅಲ್ಲೇ. ಒಂದೂವರೆ ಅಡಿ ಬಿಟ್ಟು ಕಟ್ಲಿಕ್ಕೆ ಪರ್ಮಿಷನ್ ಸಿಕ್ಕಿದರೆ ಮಾತ್ರ ಸರಿಯಾಗ್ತದೆ.”

ಅಂದರೆ ನಿಯಮದಿಂದ ವಿನಾಯಿತಿ ಬೇಕು. ಅದಕ್ಕೆ ನೆರೆಯವರ ಒಪ್ಪಿಗೆ ಪತ್ರ, ಡಾಕ್ಟರ ಪತ್ರ, ನಕ್ಷೆ, ಅರ್ಜಿ. ನಮ್ಮ ಜಾಗ ಬೇಬಿ ಅತ್ತೆಯ ಹೆಸರಿನಲ್ಲಿದೆ. “ಇನ್ನು ಅವಳ ಮೀನಿನ ವಾಸನೆ ನೇರ ನಮ್ಮ ಅಡುಗೆಮನೆಗೇ” ಎಂದು ಒಂದು ದಿನವಿಡೀ ಗೊಣಗಿ ಸಂಜೆ ತಾವೇ ಪೆನ್ನು ಕೇಳಿ ಸಹಿ ಹಾಕಿದರು. ಮಳೆಯಲ್ಲಿ ಆ ಅಂಗೈಗಳನ್ನು ಅವರೂ ನೋಡಿದ್ದರಲ್ಲ.

ಆದರೆ ಅರ್ಜಿ ಹಾಕುವ ಮೊದಲೇ ಮುಹೂರ್ತ ಬಂತು. ಜೋಯಿಸರು ಮಳೆಗೆ ಮೊದಲಿನ ಪಗ್ಗು ತಿಂಗಳಲ್ಲಿ ಒಂದೇ ಒಂದು ದಿನ ತೋರಿಸಿದರು. ಅದು ತಪ್ಪಿದರೆ ಇವರ ನಕ್ಷತ್ರಕ್ಕೆ ಮತ್ತೆ ಒಳ್ಳೆಯ ದಿನ ಇರುವುದು ಮಳೆ ಮುಗಿದ ಮೇಲೆ. ಕಟ್ಟುವುದು ಬೇರೆ, ಕೆಸರುಕಲ್ಲು ಹಾಕುವುದು ಬೇರೆ ಎಂದು ಎಲ್ಲರೂ ಹೇಳಿದರು. ನಾನೂ ಹೇಳಿದೆ. ಕೆಸರುಕಲ್ಲು ಎಂದರೆ ಮನೆಯ ಮೊದಲ ಕಲ್ಲು. ನಮ್ಮಲ್ಲಿ ಅದು ಕೆಲಸವಲ್ಲ, ಪೂಜೆ. ರೊಸಾರಿಯೊ ಮೇಸ್ತ್ರಿ ಚಪ್ಪಲಿ ಕಳಚಿಟ್ಟು, ಮೂಲೆಯಲ್ಲಿ ಗುಂಡಿ ತೋಡಿ ಒಂದು ಕೆಂಪುಕಲ್ಲು ಕೂರಿಸಿದರು. ಮೋಹಿನಿಯಕ್ಕ ಹಾಲೆರೆದರು. ಕುರ್ಚಿಯಲ್ಲಿ ಕೂತೇ ಬಾಗಿ ಬೂಬಣ್ಣ ಬಲಗೈಯಿಂದ ಕಲ್ಲನ್ನು ಮುಟ್ಟಿದರು. ತೃಷಾಳಿಗೆ ಎರಡು ಲೋಟ ಪಾಯಸ ಸಿಕ್ಕಿತು.

ಮರುವಾರ ಮೋಹಿನಿಯಕ್ಕ ಕಾಗದ ಹಿಡಿದು ಬಂದರು. “ಯಶ್ಮಿ, ನೀನು ದಿನಾ ಆ ಪುಸ್ತಕದಲ್ಲಿ ಎಂತೆಂತದೋ ಬರೀತಿಯಲ್ಲ, ಇದೊಂದು ಬರಿ.” ನಾನು ಬರೆದೆ. ಓದಿದವರ ಮನಸ್ಸು ಕರಗುವ ಹಾಗೆ ಬರೆಯಬೇಕು ಎಂದು ಎರಡು ಸಲ ತಿದ್ದಿ ಬರೆದೆ.

ಅರ್ಜಿ ಕೊಟ್ಟ ಹದಿನೆಂಟನೆಯ ದಿನ ನೋಟಿಸು ಬಂತು. ಮೋಹಿನಿಯಕ್ಕ ಅದನ್ನು ತೆರೆಯದೆ ದೇವರ ಫೋಟೊದ ಅಡಿಯಲ್ಲಿಟ್ಟು, ಸಂಜೆ ನಾನು ಹೋದಾಗ ತೆಗೆದುಕೊಟ್ಟರು. ಪರವಾನಿಗೆ ಇಲ್ಲದೆ ಕಾಮಗಾರಿ ಆರಂಭಿಸಿರುವುದು ಕಂಡುಬಂದಿದೆ, ಹದಿನೈದು ದಿನದೊಳಗೆ ಹಾಜರಾಗಿ ವಿವರಣೆ ನೀಡತಕ್ಕದ್ದು, ತಪ್ಪಿದಲ್ಲಿ ತೆರವುಗೊಳಿಸಲಾಗುವುದು. ನಾನು ಓದಿ ಮುಗಿಸಿದೆ.

“ತೆರವು ಅಂದರೆ ಎಂತ?”

“ತೆಗೆಯುವುದು.”

“ಕಲ್ಲನ್ನಾ? ಮನೆಯನ್ನಾ?”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ಒಳಗಿನ ಕೋಣೆಯಿಂದ ಬೂಬಣ್ಣ ಎಂತದೋ ಕೇಳಿದರು. “ಎಂತ ಇಲ್ಲ, ಮನೆ ತೆರಿಗೆಯ ಚೀಟಿ” ಎಂದು ಮೋಹಿನಿಯಕ್ಕ ಅಲ್ಲಿಂದಲೇ ಕೂಗಿದರು. ಧ್ವನಿ ಸರಿಯಾಗಿತ್ತು. ನೋಟಿಸನ್ನು ಮಾತ್ರ ಮತ್ತೆ ದೇವರ ಫೋಟೊದ ಅಡಿಗೆ ತಳ್ಳಿದರು.

ಮರುದಿನದಿಂದ ಕಲ್ಲಿನ ಮೇಲೆ ಬುಟ್ಟಿ ಬಂತು. ಅವರು ದೂರದ ಮನೆಗಳಿಗೆ ಮೀನು ಮಾರಲು ಹೋಗುವುದನ್ನು ಬಿಟ್ಟರು. ತಾನಿಲ್ಲದಾಗ ಯಂತ್ರ ತಂದು ಮನೆ ಕೆಡವಿದರೆ ಕುರ್ಚಿಯಲ್ಲಿರುವವರು ಏನು ಮಾಡಬೇಕು? ಹೆದ್ದಾರಿಯ ಬದಿ ಚರಂಡಿ ಅಗೆಯಲು ಜೆಸಿಬಿ ಬಂದ ದಿನ ಬೂಬಣ್ಣನನ್ನು ಕುರ್ಚಿಯಲ್ಲಿ ಕೂರಿಸಿ, ಡಾಕ್ಟರ ಚೀಟಿಗಳ ಚೀಲ ಅವರ ಮಡಿಲಲ್ಲಿಟ್ಟು, ಜಗಲಿಯಲ್ಲಿ ತಯಾರಾಗಿ ನಿಂತಿದ್ದರು. ಮಧ್ಯಾಹ್ನದವರೆಗೂ. ರೊಸಾರಿಯೊ ಮೇಸ್ತ್ರಿಗೂ ಭಯ. “ಕಾಗದ ಬರಲಿ ಅಕ್ಕ” ಎಂದು ಫೋನಿನಲ್ಲೇ ಹೇಳಿದರು.

ಅದಕ್ಕಿಂತ ಕೆಟ್ಟದ್ದೆಂದರೆ ಸಂಶಯ. ಯಾರೋ ದೂರು ಕೊಟ್ಟಿದ್ದಾರೆ. ಯಾರು? ಓಣಿಯ ಆಚೆಯವರಾ, ಜಾಗದ ಮೇಲೆ ಕಣ್ಣಿಟ್ಟವರಾ? ಒಬ್ಬೊಬ್ಬರ ಮನೆಯನ್ನೂ ಲೆಕ್ಕ ಹಾಕುತ್ತಾ ಅವರ ಕಣ್ಣು ಕೊನೆಗೆ ನಮ್ಮ ಕಿಟಕಿಗೂ ಬಂತು. ಸಾರು ಕೊಟ್ಟ ನಮ್ಮ ಪಾತ್ರೆ ಒಂದು ದಿನ ಕಂಪೌಂಡಿನ ಮೇಲೆ ಇತ್ತು. ತೊಳೆದದ್ದು. ಖಾಲಿ. ನಾನು ಇಲ್ಲಿಗೆ ಬಂದ ಆರು ವರ್ಷದಲ್ಲಿ ಅವರ ಮನೆಯಿಂದ ಪಾತ್ರೆ ಖಾಲಿ ಬಂದದ್ದಿಲ್ಲ. ಏನೂ ಇಲ್ಲದಿದ್ದರೆ ಎರಡು ಹಸಿಮೆಣಸಾದರೂ ಇರುತ್ತಿತ್ತು. ಆ ಪಾತ್ರೆಯನ್ನು ಒಳಗೆ ತಂದಿಟ್ಟೆ.

“ಕಲ್ಲು ಕೀಳಿಸ್ತಾರೇನೋ” ಎಂದೆ ಅತ್ತೆಗೆ.

“ಹಾಕಿದ ಕೆಸರುಕಲ್ಲು ಕೀಳಬಾರದು” ಎಂದರು ಅತ್ತೆ, ಗುಡಿಸುತ್ತಿದ್ದ ಹಿಡಿಸೂಡಿ ಕೆಳಗಿಟ್ಟು. “ಕಿತ್ತ ಮನೆಗೂ ಆಗುದಿಲ್ಲ, ಆ ಕಲ್ಲು ಹೋಗಿ ಸೇರಿದ ಮನೆಗೂ ಒಳ್ಳೆದಾಗುದಿಲ್ಲ.”

ಕೊನೆಗೆ ಶುಕ್ರವಾರ, ಹದಿನಾಲ್ಕನೆಯ ದಿನ, ನಾನೇ ಹೋಗಿ ಕರೆದೆ. ಮೋಹಿನಿಯಕ್ಕ ನನ್ನನ್ನು ಒಂದು ಕ್ಷಣ ನೋಡಿದರು. ಬೇರೆ ಯಾರೂ ಜೊತೆಗೆ ಬರುವವರಿರಲಿಲ್ಲ. ಬೂಬಣ್ಣನ ಬಳಿ ಅತ್ತೆಯನ್ನು ಕೂರಿಸಿ ಹೊರಟೆವು.

ಪುರಸಭೆ ಕಚೇರಿಯ ಎಂಜಿನಿಯರರ ಹೆಸರು ಚೆನ್ನಪ್ಪ. ನಲವತ್ತು ದಾಟಿದ, ಸಣ್ಣ ಧ್ವನಿಯ ಮನುಷ್ಯ. ಮೋಹಿನಿಯಕ್ಕ ಕುರ್ಚಿಯ ಅಂಚಿನಲ್ಲಿ ಕೂತು ಮಡಿಲಿನ ಪ್ಲಾಸ್ಟಿಕ್ ಚೀಲವನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದರು. ವಾಸನೆ ಕೋಣೆಯಿಡೀ ಹರಡಿತ್ತು.

“ಚೀಲದಲ್ಲಿ ಎಂತ ಅಮ್ಮ?”

“ಒಣ ಸಿಗಡಿ ಸಾರ್.” ಮತ್ತೆ ಗಾಬರಿಯಾಗಿ, “ನಿಮಗಲ್ಲ! ನಿಮಗೆ ಅಂತಲೇ ತಂದದ್ದು, ಆದರೆ ಕೊಡುದು ತಪ್ಪೋ ಏನೋ ಅಂತ ಈಗ ಕೊಡುದಿಲ್ಲ.”

ಚೆನ್ನಪ್ಪನವರು ನಕ್ಕರು. ಆ ನಗು ನೋಡಿ ನನಗೆ ಸ್ವಲ್ಪ ಧೈರ್ಯ ಬಂತು. “ಸಾರ್, ದೂರು ಕೊಟ್ಟದ್ದು ಯಾರು ಅಂತ ಹೇಳಬಹುದಾ?” ಎಂದೆ.

“ದೂರಾ? ದೂರು ಯಾರೂ ಕೊಡ್ಲಿಲ್ಲ. ನಿಮ್ಮ ಅರ್ಜಿಯಲ್ಲೇ ಉಂಟಲ್ಲ.”

ಅವರು ಕಡತವನ್ನು ನಮ್ಮ ಕಡೆಗೆ ತಿರುಗಿಸಿದರು. ನನ್ನ ಅಕ್ಷರ. ಅದರ ಅಡಿಯಲ್ಲಿ ಕೆಂಪು ಗೆರೆ. ‘ಈಗಾಗಲೇ ಶುಭ ಮುಹೂರ್ತದಲ್ಲಿ ಕೆಸರುಕಲ್ಲು ಹಾಕಿರುತ್ತೇವೆ. ನನ್ನ ಯಜಮಾನರು ಕಣ್ಣೀರು ಸುರಿಸುತ್ತಾ ಆ ಕಲ್ಲನ್ನು ಮುಟ್ಟಿರುತ್ತಾರೆ.’

ಮನಸ್ಸು ಕರಗಲಿ ಎಂದು ನಾನೇ ಸೇರಿಸಿದ ಎರಡು ಸಾಲು. “ಸಾರ್, ಅದು ಪೂಜೆ” ಎಂದೆ.

“ನಮ್ಮ ಮನೆಗೂ ಹಾಕಿದ್ದೇವೆ ಅಮ್ಮ, ನನಗೆ ಗೊತ್ತಿಲ್ವಾ? ಆದರೆ ಕಡತಕ್ಕೆ ಅದು ಪೂಜೆ ಅಲ್ಲ, ಅಡಿಪಾಯ. ಕೆಲಸ ಶುರು ಮಾಡಿದ ಮೇಲೆ ವಿನಾಯಿತಿ ಕೇಳಿದ ಹಾಗಾಗ್ತದೆ. ಹಾಗೆ ಕೇಳಿದವರಿಗೆ ಕೊಡ್ಲಿಕ್ಕೆ ಬರುದಿಲ್ಲ.”

“ಮನೆ ತೆಗೀತೀರಾ?” ಮೋಹಿನಿಯಕ್ಕನ ಬಾಯಿಂದ ಬಂದದ್ದು ಅಷ್ಟೇ.

“ಮನೆ ಅಲ್ಲಮ್ಮ. ಆ ಕಲ್ಲು. ಸೋಮವಾರ ಬೆಳಿಗ್ಗೆ ನಾನೇ ಬರ್ತೇನೆ. ನಿಮ್ಮ ಜಾಗದಲ್ಲಿ ಕಲ್ಲು ಇರಬಾರದು, ಗುಂಡಿ ಮುಚ್ಚಿರಬೇಕು. ಫೋಟೊ ತೆಗೆದು, ಕೆಲಸ ಶುರುವಾಗಿಲ್ಲ ಅಂತ ಬರೆದು, ಗಾಲಿಕುರ್ಚಿಯ ಕಾರಣ ಹಾಕಿ ಶಿಫಾರಸು ಮಾಡ್ತೇನೆ. ಕೊಡುದು ಬಿಡುದು ಮೇಲಿನವರು. ನಾನು ಮಾತು ಕೊಡ್ಲಿಕ್ಕಾಗುದಿಲ್ಲ.”

ಹೊರಗೆ ಬಸ್‌ಸ್ಟಾಪಿನ ನೆರಳಿನಲ್ಲಿ ನಿಂತು ನಾನು ಹೇಳಿದೆ. ಆ ಸಾಲು ನನ್ನದು, ನೀವು ಹೇಳಿದ್ದಲ್ಲ, ನಾನಾಗಿಯೇ ಬರೆದದ್ದು ಎಂದು. ಒಂದು ಬಸ್ಸು ಬಂತು, ಹೋಯಿತು. ಅವರು ಹತ್ತಲಿಲ್ಲ.

“ಹಾಗಾದರೆ ಯಾರೂ ದೂರು ಕೊಡಲಿಲ್ಲ?”

“ಇಲ್ಲ.”

“ಯಾರೂ?”

“ಯಾರೂ ಇಲ್ಲ ಮೋಹಿನಿಯಕ್ಕ.”

“ಅಯ್ಯೋ ಮಾರಾಯ್ತಿ, ಹದಿನಾಲ್ಕು ದಿನ ಊರಿಡೀ ಬೈದೆನಲ್ಲ ಮನಸ್ಸಿನಲ್ಲಿ. ನಿನ್ನ ಅತ್ತೆಗೂ ಬೈದೆ. ಅವಳಿಗೆ ಸ್ವಲ್ಪ ಹೆಚ್ಚೇ ಬೈದೆ.” ಮತ್ತೆ ನನ್ನ ಕಡೆ ತಿರುಗಿ, “ಕಣ್ಣೀರು ಅಂತ ಬರೆದಿಯಾ? ಅವರು ಅತ್ತದ್ದಲ್ಲ. ಬಿಸಿಲು ಕಣ್ಣಿಗೆ ಬಿದ್ದದ್ದು” ಎಂದರು.

ನಾನು ಮುಂದಿನ ಬಸ್ಸಿಗೆ ಕೈ ತೋರಿಸಿದೆ.

ಮನೆ ಉಳಿಯಿತು ಎಂಬ ಸಮಾಧಾನ ಬಸ್ಸಿನಿಂದ ಇಳಿಯುವವರೆಗೂ ನಿಲ್ಲಲಿಲ್ಲ. ಈಗ ಕಲ್ಲಿನ ಭಯ. ಅವರ ಚಿಕ್ಕಮ್ಮನ ಮನೆಯಲ್ಲಿ, ಹೆಜಮಾಡಿಯಲ್ಲಿ, ಬಾಗಿಲು ಸರಿ ಬರುವುದಿಲ್ಲ ಎಂದು ಹಾಕಿದ ಕೆಸರುಕಲ್ಲನ್ನು ಒಂದು ಮೊಳ ಸರಿಸಿದ್ದರಂತೆ. ಅದೇ ವರ್ಷ ಚಿಕ್ಕಪ್ಪ ಕಡಲಿಗೆ ಹೋದವರು ಬರಲಿಲ್ಲವಂತೆ.

“ಅದು ಜನ ಕಟ್ಟಿದ ಕತೆ ಇರಬಹುದು” ಎಂದೆ.

“ಕತೆ ಇರಬಹುದು. ಚಿಕ್ಕಪ್ಪ ಬಾರದ್ದು ನಿಜ ಅಲ್ವಾ?”

ಶನಿವಾರವಿಡೀ ಅವರು ಗುಂಡಿಯ ಹತ್ತಿರ ಹೋಗುವುದು, ಬುಟ್ಟಿ ಎತ್ತಿ ನೋಡುವುದು, ಮತ್ತೆ ಮುಚ್ಚುವುದು. ಕಲ್ಲು ಕಿತ್ತರೆ ಗಂಡನಿಗೆ ಏನಾಗುವುದೋ. ಕೀಳದಿದ್ದರೆ ಕೋಣೆಯಿಲ್ಲ, ಕೋಣೆಯಿಲ್ಲದಿದ್ದರೆ ಮತ್ತೆ ಅದೇ ಮೆಟ್ಟಿಲು, ಅದೇ ಪಾಚಿ. ಪಶ್ಚಿಮದಲ್ಲಿ ಮೋಡ ಒಟ್ಟಾಗಲು ಶುರುವಾಗಿತ್ತು. ಅವರು ಕಲ್ಲು ನೋಡುತ್ತಿದ್ದರು, ಮೋಡ ನೋಡುತ್ತಿದ್ದರು.

ಆದಿತ್ಯವಾರ ಮಧ್ಯಾಹ್ನ ಚರ್ಚಿನಿಂದ ನೇರ ರೊಸಾರಿಯೊ ಮೇಸ್ತ್ರಿ ಬಂದರು. “ಹಾಕಿದವನೇ ತೆಗೀಬೇಕು ಅಕ್ಕ, ಬೇರೆಯವರ ಕೈ ಬೇಡ” ಎಂದು ಇಸ್ತ್ರಿ ಅಂಗಿಯ ತೋಳು ಮಡಚಿದರು. ಮೋಹಿನಿಯಕ್ಕ ಅಡ್ಡ ನಿಂತರು. ಆಗ ಜಗಲಿಯಿಂದ ಬೂಬಣ್ಣ ಕುರ್ಚಿಯ ಕೈಗೆ ಬಡಿದು ಎಲ್ಲರನ್ನೂ ಸುಮ್ಮನಾಗಿಸಿದರು. ಮನೆ ತೆರಿಗೆಯ ಚೀಟಿಯ ಸುಳ್ಳು ಅವರಿಗೆ ಯಾವಾಗಲೋ ತಿಳಿದಿತ್ತು. ಒಂದೊಂದೇ ಮಾತನ್ನು ಎಳೆದು ತಂದರು.

“ಲಂಗರು... ಎತ್ತಿದರೆ... ಬೋಟು ಮುಳುಗ್ತದಾ?”

“ತಂಡೇಲರೇ, ಎತ್ತಿದ ಲಂಗರನ್ನು ನೀವು ಬೋಟಿನ ಒಳಗೇ ಇಡ್ತೀರಿ” ಎಂದರು ಮೋಹಿನಿಯಕ್ಕ. “ಇದನ್ನು ಎಲ್ಲಿ ಇಡುದು? ನಮ್ಮ ಜಾಗದಲ್ಲಿ ಇರಬಾರದಂತೆ. ಹಾಲೆರೆದ ಕಲ್ಲನ್ನು ರಸ್ತೆಗೆ ಬಿಸಾಡ್ಲಿಕ್ಕಾಗ್ತದಾ?”

ಬೂಬಣ್ಣ ಬಲಗೈ ಎತ್ತಿ ಕೆಳಗಿಟ್ಟರು. ಆ ಕೈ ಯಾವ ಕಡೆ ತೋರಿಸಿತೋ ನಾನು ಗಮನಿಸಲಿಲ್ಲ. ಮೋಹಿನಿಯಕ್ಕ ಗಮನಿಸಿದರು ಎಂದು ಕಾಣುತ್ತದೆ.

ಸಂಜೆ ನಾನು ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಅತ್ತೆ ತುಳಸಿಕಟ್ಟೆಯ ಸುತ್ತ ಗುಡಿಸುತ್ತಿದ್ದರು. ಮೋಹಿನಿಯಕ್ಕ ಕಂಪೌಂಡಿನ ಆಚೆ ಬಂದು ನಿಂತು, ಅವರ ಮನೆಯಲ್ಲಿ ಉಳಿದಿದ್ದ ನನ್ನ ಸ್ಟೀಲಿನ ಡಬ್ಬಿಯನ್ನು ಗೋಡೆಯ ಮೇಲಿಟ್ಟರು. ಭಾರವಿತ್ತು. ಮುಚ್ಚಳದ ಸಂದಿಯಿಂದ ಬಂಗುಡೆಯ ಪುಳಿಮುಂಚಿ ಸಾರು ಇಳಿದಿತ್ತು.

“ಪಾತ್ರೆ ತೆಗೆದುಕೊ. ಮೊನ್ನೆ ಖಾಲಿ ಇಟ್ಟದ್ದಕ್ಕೆ ಇದು.” ಅವರು ಡಬ್ಬಿಯಿಂದ ಕೈ ತೆಗೆಯಲಿಲ್ಲ. “ಯಶ್ಮಿ, ನಿನ್ನತ್ರ ಒಂದು ಕೇಳಲಿಕ್ಕುಂಟು. ಬೇಡ ಅನಿಸಿದರೆ ಬೇಡ ಅಂತಲೇ ಹೇಳು, ನನಗೆ ಬೇಜಾರಿಲ್ಲ.”

ನನ್ನ ಹಿಂದೆ ಹಿಡಿಸೂಡಿಯ ಶಬ್ದ ನಿಂತಿತು. ತೃಷಾ ಓಡಿ ಬಂದು ನನ್ನ ಕಾಲು ಹಿಡಿದುಕೊಂಡಳು. ಗೋಡೆಯ ಆಚೆ, ಮಡಚಿದ ಬಿಳಿ ಬೈರಾಸು ಬಟ್ಟೆಯ ಮೇಲೆ ಆ ಕೆಂಪುಕಲ್ಲು ಕೂತಿತ್ತು, ಬುಡಕ್ಕೆ ಇನ್ನೂ ಹಸಿ ಮಣ್ಣು. ರೊಸಾರಿಯೊ ಮೇಸ್ತ್ರಿ ತೋಳು ಮಡಚಿಕೊಂಡೇ ಸ್ವಲ್ಪ ದೂರದಲ್ಲಿ ನಿಂತು ಕಾಯುತ್ತಿದ್ದರು.

“ಅನುಮತಿ ಬರುವವರೆಗೆ ಇದು ನಿಮ್ಮ ತುಳಸಿಕಟ್ಟೆಯ ಬುಡದಲ್ಲಿ ಇರ್ಲಾ?” ಎಂದರು ಮೋಹಿನಿಯಕ್ಕ. “ಸಂಜೆ ನೀನು ದೀಪ ಇಡುವಾಗ ಅದರ ಬೆಳಕು ಇದಕ್ಕೂ ಸ್ವಲ್ಪ ಬೀಳಲಿ. ಬೇರೆ ಪೂಜೆ ಎಂತದೂ ಬೇಡ. ಮಗು ಇದರ ಮೇಲೆ ಹತ್ತದ ಹಾಗೆ ಮಾತ್ರ ನೋಡಿಕೊ.”